ಅಕ್ಕಿ ಮನೆಗೆ ಬಂತು, ಹಿಟ್ಟು ತೊಳಸೋರು ಯಾರು?

2023ರ ಮೇ 10ಕ್ಕೆ ನಮ್ಮ ವಿಧಾನಸಭೆಗೆ ಮತದಾನ ನಡೆಯಿತಲ್ಲ, ಅದಕ್ಕೆ ಕೆಲವು ದಿನ ಮುಂಚೆ ಒಂದು ಕೆಲಸ ಸದ್ದಿಲ್ಲದೆ ಆಗಿಹೋಯಿತು. 80 ವರ್ಷ ದಾಟಿದವರು, ಎದ್ದು ಓಡಾಡಲಾಗದ ಅಂಗವಿಕಲರು 12ಡಿ ಅನ್ನೋ ಅರ್ಜಿ ತುಂಬಿಕೊಟ್ಟರೆ ಸಾಕು, ಚುನಾವಣಾ ಸಿಬ್ಬಂದಿಯೇ ಮತಪತ್ರ ಹಿಡಿದು ಮನೆ ಬಾಗಿಲಿಗೆ ಬಂದರು. ಜೊತೆಗೆ ಪೊಲೀಸ್, ಜೊತೆಗೆ ವಿಡಿಯೋ ಕ್ಯಾಮೆರಾ. ಗುಟ್ಟಾಗಿ ಮತ ಹಾಕಿಸಿ, ಲಕೋಟೆ ಅಂಟಿಸಿಕೊಂಡು ಹೋದರು. ಕರ್ನಾಟಕದ ವಿಧಾನಸಭಾ ಚುನಾವಣೆಯಲ್ಲಿ ಮನೆಯಿಂದಲೇ ಮತ ಅನ್ನೋ ವ್ಯವಸ್ಥೆ ಇಡೀ ರಾಜ್ಯಕ್ಕೆ ಬಂದದ್ದು ಅದೇ ಮೊದಲು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ಕ್ಷೇತ್ರಗಳ ಮೇಲೆ ಆ ಸಲ ಇಡೀ ರಾಜ್ಯದ ಕಣ್ಣಿತ್ತು, ನಿಮಗೆ ಗೊತ್ತಿರೋದೇ. ಅಲ್ಲೂ ತೋಟದ ಮನೆ, ಗುಡ್ಡದ ಬುಡ ಅಂತ ನೋಡದೆ ಹೋದರು.

ಒಳ್ಳೆಯ ಕೆಲಸ. ನಾನು ಬಾಯಿ ತುಂಬಾ ಹೊಗಳ್ತೀನಿ. ಆದರೆ ಇಲ್ಲೊಂದು ವಿಷಯ ಇದೆ ನೋಡಿ. ಯಾವ ಊರಿನ ಯಾವ ಮನೆಯಲ್ಲಿ ಹೊಸ್ತಿಲು ದಾಟಲಾರದ ಅಜ್ಜಿ ಇದ್ದಾಳೆ, ಯಾವ ಮನೆಯಲ್ಲಿ ಮಂಚ ಬಿಟ್ಟು ಏಳಲಾರದ ತಾತ ಇದ್ದಾನೆ ಅನ್ನೋದನ್ನ ಪತ್ತೆ ಮಾಡಲು ಸರ್ಕಾರಕ್ಕೆ ಬರುತ್ತೆ ಅಂತ ಆವತ್ತು ಸಾಬೀತಾಯಿತು. ಪಟ್ಟಿ ಮಾಡಬಹುದು, ಮನೆ ಹುಡುಕಬಹುದು, ಬಾಗಿಲು ತಟ್ಟಬಹುದು. ಐದು ವರ್ಷಕ್ಕೊಂದು ದಿನ ಮತಪತ್ರ ತಲುಪಿದ ಆ ಬಾಗಿಲಿಗೆ, ಮಧ್ಯಾಹ್ನ ಒಂದು ಬಿಸಿ ಊಟ ಯಾಕೆ ತಲುಪಬಾರದು?

ತಕ್ಷಣ ಯಾರಾದರೂ ಹೇಳ್ತಾರೆ, ಅನ್ನಭಾಗ್ಯ ಇದೆಯಲ್ಲ ಸ್ವಾಮಿ ಅಂತ. ಇದೆ. 2013ರಿಂದ ಇದೆ. ಅದರಿಂದ ಈ ರಾಜ್ಯದಲ್ಲಿ ಎಷ್ಟೋ ಒಲೆ ಉರಿದಿವೆ. ರೇಷ್ಮೆ ನೂಲು ತೆಗೆದು ತೆಗೆದು ಗೆರೆ ಸವೆದ ಬೆರಳು ಹೆಬ್ಬೆಟ್ಟಿನ ಯಂತ್ರದಲ್ಲಿ ಒಂದು ಸಲಕ್ಕೆ ಒಪ್ಪೋದಿಲ್ಲ ಅನ್ನೋ ಗೋಳು ಬೇರೆ. ಅಂಗಡಿವರೆಗೆ ಬರಲಾಗದ ಹಿರಿಯರ ಕಷ್ಟ ಸರ್ಕಾರಕ್ಕೂ ಅರ್ಥವಾಗಿದೆ. 2024ರ ಫೆಬ್ರವರಿ ಬಜೆಟ್‌ನಲ್ಲಿ 80 ದಾಟಿದವರ ಮನೆಗೇ ಪಡಿತರ ತಲುಪಿಸುವ ‘ಅನ್ನ ಸುವಿಧಾ’ ಘೋಷಣೆ ಆಯಿತು. ಅದೂ ಸ್ವಾಗತ. ಆದರೆ ಮನೆಗೆ ಬರೋದು ಅಕ್ಕಿ. ಅಕ್ಕಿ ಊಟ ಅಲ್ಲ. ಅಕ್ಕಿಗೂ ಊಟಕ್ಕೂ ನಡುವೆ ಒಂದು ಒಲೆ ಇದೆ, ಒಂದು ಜೊತೆ ಗಟ್ಟಿ ಕೈ ಇದೆ.

ಈ ನಾಲ್ಕು ತಾಲ್ಲೂಕಿನ ಮಟ್ಟಿಗೆ ಆ ಕೈಯ ಮಾತು ಇನ್ನೂ ದೊಡ್ಡದು. ಯಾಕೆ ಅಂದರೆ ಇಲ್ಲಿನ ಊಟ ಮುದ್ದೆ. ಮುದ್ದೆ ಮಾಡಿ ಗೊತ್ತಿರೋರಿಗೆ ನಾನು ವಿವರಿಸಬೇಕಿಲ್ಲ. ಬೆಂಗಳೂರಲ್ಲಿ ಹುಟ್ಟಿ ಬೆಳೆದ ಮಕ್ಕಳಿಗಾಗಿ ಹೇಳ್ತೀನಿ. ಎಸರು ಕುದಿಯಬೇಕು, ಹಿಟ್ಟು ಬೇಯಬೇಕು, ಆಮೇಲೆ ಪಾತ್ರೆ ಅಲುಗದ ಹಾಗೆ ಅದುಮಿ ಹಿಡಿದು ಹಿಟ್ಟಿನ ಕೋಲಿನಿಂದ ಗಂಟಿಲ್ಲದಂತೆ ತೊಳಸಬೇಕು. ರಟ್ಟೆ, ಸೊಂಟ, ಮೊಣಕಾಲು ಮೂರಕ್ಕೂ ಕೆಲಸ. ಆಮೇಲೆ ಸುಡುಸುಡು ಇರುವಾಗಲೇ ಅಂಗೈಯಲ್ಲಿ ಮುದ್ದೆ ಕಟ್ಟಬೇಕು. 78 ವರ್ಷದ, ಮಂಡಿ ಸವೆದ, ಕೈ ನಡುಗುವ ಹೆಂಗಸು ಇದನ್ನ ಹೇಗೆ ಮಾಡ್ತಾಳೆ? ಮಾಡೋದಿಲ್ಲ. ಒಂದು ಲೋಟ ಅಕ್ಕಿ ಕುಕ್ಕರಿಗೆ ಹಾಕ್ತಾಳೆ. ಅದಕ್ಕೆ ಮಜ್ಜಿಗೆ, ಇಲ್ಲ ತಿಳಿಸಾರು. ಮಧ್ಯಾಹ್ನದ್ದೇ ರಾತ್ರಿಗೆ, ರಾತ್ರಿಯದೇ ಬೆಳಿಗ್ಗೆಗೆ. ಇನ್ನೂ ಬೇಜಾರಾದರೆ ಕಾಫಿ, ಬನ್ನು.

ವಿಪರ್ಯಾಸ ಏನು ಗೊತ್ತಾ? ಹಲ್ಲಿಲ್ಲದ ಬಾಯಿಗೆ ಮುದ್ದೆಗಿಂತ ಒಳ್ಳೆಯ ಊಟ ಇಲ್ಲ. ಅಗಿಯೋ ಹಾಗೇ ಇಲ್ಲ, ಸಾರಲ್ಲಿ ಅದ್ದಿ ನುಂಗಿದರಾಯಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಅದೇ ನೂರು ಗ್ರಾಂ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕೂಡ ಇಲ್ಲ. ಮೂಳೆ ಟೊಳ್ಳಾಗುವ ವಯಸ್ಸಿಗೆ ಹೇಳಿ ಮಾಡಿಸಿದ ಧಾನ್ಯ. ಜೊತೆಗೆ ಹುರುಳಿಕಾಳು ಬಸ್ಸಾರೋ, ಸೊಪ್ಪು ಉಪ್ಸಾರೋ ಇದ್ದರೆ ಮತ್ತೇನು ಬೇಕು. ಯಾವ ಊಟ ಆ ವಯಸ್ಸಿಗೆ ಒಗ್ಗುತ್ತೋ ಅದನ್ನೇ ಆ ವಯಸ್ಸಿನ ಕೈ ಮಾಡಿಕೊಳ್ಳಲಾರದು.

ಈಗ ಮೈಯೊಳಗೆ ಏನಾಗುತ್ತೆ ನೋಡೋಣ. ವಯಸ್ಸಾದಂತೆ ಮಾಂಸಖಂಡ ತಾನಾಗಿಯೇ ಕರಗುತ್ತಾ ಹೋಗುತ್ತೆ. ಅದನ್ನ ತಡೆಯೋಕೆ ಹಿರಿಯರಿಗೆ ದಿನಕ್ಕೆ ಕಿಲೋ ತೂಕಕ್ಕೆ ಕನಿಷ್ಠ ಒಂದು ಗ್ರಾಂ ಪ್ರೋಟೀನ್ ಬೇಕು ಅಂತಾರೆ ಈ ವಿಷಯ ಬಲ್ಲ ವೈದ್ಯರು. ಐವತ್ತು ಕಿಲೋ ತೂಕದ ಅಜ್ಜಿಗೆ ಐವತ್ತು ಗ್ರಾಂ. ಕಾಫಿ, ಬನ್ನು, ಎರಡು ಹಿಡಿ ಅನ್ನ, ತಿಳಿಸಾರು, ಇದರಲ್ಲಿ ಅರ್ಧವೂ ಆಗೋದಿಲ್ಲ. ಪ್ರೋಟೀನ್ ಸಾಲದೆ ರಟ್ಟೆ ಬಲ ಕುಂದುತ್ತೆ, ಬಲ ಕುಂದಿತು ಅಂತ ಅಡುಗೆ ಇನ್ನೂ ಕಮ್ಮಿ, ಅಡುಗೆ ಕಮ್ಮಿ ಅಂತ ಬಲ ಇನ್ನೂ ಕಮ್ಮಿ. ಗಾಣದ ಎತ್ತಿನ ಹಾಗೆ ಅಲ್ಲೇ ಸುತ್ತು. ನಾಲಿಗೆಗೆ ರುಚಿ, ಮೂಗಿಗೆ ವಾಸನೆ ಮಂದವಾಗಿರುತ್ತೆ, ಹಸಿವೂ ಮೊದಲಿನ ಹಾಗಿರೋದಿಲ್ಲ. ಬಾಯಾರಿಕೆಯೂ ಅಷ್ಟೆ. ಅದರ ಮೇಲೆ ರಾತ್ರಿ ಬಚ್ಚಲಿಗೆ ಏಳಬೇಕಲ್ಲ ಅಂತ ಬೇಕೆಂದೇ ನೀರು ಕುಡಿಯದ ಹಿರಿಯರು ಎಷ್ಟು ಮಂದಿ! ನೀರು ಕಮ್ಮಿಯಾಗಿ ಮೂತ್ರದ ಸೋಂಕು, ಸೋಂಕಿನಿಂದ ಮಾತು ತಡವರಿಕೆ. ಮನೆಯವರು ‘ಅರಳು ಮರಳು’ ಅಂದುಕೊಂಡು ಸುಮ್ಮನಾಗ್ತಾರೆ.

ಇನ್ನೂ ಒಂದು ಅಪಾಯ ಇದೆ, ಇದನ್ನ ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಹೇಳಿ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳು ಊಟ ಮಾಡಿದರೂ ಮಾಡದಿದ್ದರೂ ರಕ್ತದ ಸಕ್ಕರೆಯನ್ನ ಇಳಿಸ್ತಾವೆ. ಬೆಳಿಗ್ಗೆ ಮಾತ್ರೆ ನುಂಗಿ, ಆಮೇಲೆ ‘ಯಾಕೋ ಬೇಡ’ ಅಂತ ತಿಂಡಿ ಬಿಟ್ಟರೆ ಹನ್ನೊಂದು ಗಂಟೆ ಹೊತ್ತಿಗೆ ಬೆವರು, ನಡುಕ, ಕಣ್ಣು ಕತ್ತಲೆ. ಬಿದ್ದರೆ ಸೊಂಟದ ಮೂಳೆ. ಸೊಂಟದ ಮೂಳೆ ಮುರಿದರೆ ಆ ವಯಸ್ಸಲ್ಲಿ ಮತ್ತೆ ಮೊದಲಿನ ಹಾಗೆ ಎದ್ದು ನಡೆಯೋದು ಎಷ್ಟು ಕಷ್ಟ ಅಂತ ನಿಮಗೆ ಬೇರೆ ಹೇಳಬೇಕಾ? ಒಂದು ತಟ್ಟೆ ಊಟ ತಪ್ಪಿದ್ದರಿಂದ ಶುರುವಾದ ಸರಣಿ ಇದು.

ಇದು ನಮ್ಮ ಓಣಿಯ ಕಥೆ ಮಾತ್ರ ಅಲ್ಲ. ಕೇಂದ್ರ ಆರೋಗ್ಯ ಇಲಾಖೆಯ ಪರವಾಗಿ ದೇಶದಾದ್ಯಂತ ನಡೆದ ವೃದ್ಧಾಪ್ಯದ ದೊಡ್ಡ ಸಮೀಕ್ಷೆ ಇದೆ, ‘ಲಾಸಿ’ ಅಂತ ಕರೀತಾರೆ. 2017-18ರಲ್ಲಿ ಮನೆ ಮನೆಗೆ ಹೋಗಿ ತೂಕ, ಎತ್ತರ ಅಳೆದು ಮಾಡಿದ್ದು. 60 ದಾಟಿದವರಲ್ಲಿ ಶೇ. 27ರಷ್ಟು ಜನ ಇರಬೇಕಾದ್ದಕ್ಕಿಂತ ಕಮ್ಮಿ ತೂಕದವರು ಅಂತ ಅದು ಹೇಳಿತು. ನಾಲ್ಕರಲ್ಲಿ ಒಬ್ಬರಿಗಿಂತ ಜಾಸ್ತಿ! ಶೇ. 6ರಷ್ಟು ಹಿರಿಯರು ಒಂಟಿಯಾಗಿದ್ದಾರೆ, ಐವರಲ್ಲಿ ಒಬ್ಬರು ಗಂಡ-ಹೆಂಡತಿ ಇಬ್ಬರೇ ಇದ್ದಾರೆ ಅಂತಲೂ ಹೇಳಿತು. ರಾಮನಗರದ ಕಡೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಮಗ ಬಿಡದಿ ಕಾರ್ಖಾನೆಯಲ್ಲಿ ಪಾಳಿ, ಸೊಸೆ ಗಾರ್ಮೆಂಟ್ಸ್‌ನಲ್ಲಿ, ಮೊಮ್ಮಗ ಬೆಂಗಳೂರಲ್ಲಿ ಪಿಜಿ. ಮನೆಯಲ್ಲಿ ಮೂರು ತಲೆಮಾರು ಇದೆ ಅಂತ ರೇಷನ್ ಕಾರ್ಡ್ ಹೇಳುತ್ತೆ, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಇರೋದು ಅಜ್ಜಿ ಒಬ್ಬಳೇ. ಮಕ್ಕಳು ಕೆಟ್ಟವರಲ್ಲ. ದಿನಾ ಫೋನ್ ಮಾಡ್ತಾರೆ.

‘ಊಟ ಆಯ್ತೇನವ್ವ?’

‘ಆಯ್ತು ಕಣಪ್ಪ, ನೀನು ಉಂಡ್ಯಾ?’

ಮುಗೀತು. ನಮ್ಮಲ್ಲಿ ‘ಊಟ ಆಯ್ತಾ’ ಅನ್ನೋದು ಪ್ರಶ್ನೆಯೇ ಅಲ್ಲ, ನಮಸ್ಕಾರ. ಅದಕ್ಕೆ ‘ಇಲ್ಲ’ ಅಂತ ಹೇಳೋ ಅವ್ವನನ್ನ ನಾನಂತೂ ಕಂಡಿಲ್ಲ. ಕೇಳಬೇಕಾದ್ದು ‘ಇವತ್ತು ಏನು ಸಾರು?’ ಅಂತ. ಉತ್ತರ ಬರೋಕೆ ಎರಡು ಕ್ಷಣ ತಡವಾದರೆ ಅರ್ಥ ಮಾಡಿಕೊಳ್ಳಿ.

ಹಾಗಾದರೆ ಯಾರಾದರೂ ದಿನಾ ಊಟ ತಂದುಕೊಟ್ಟರೆ ಏನು ಬದಲಾಗುತ್ತೆ? ಹೊಟ್ಟೆ ತುಂಬುತ್ತೆ ಅನ್ನೋದು ಸುಲಭದ ಉತ್ತರ. ಅಮೆರಿಕದಲ್ಲಿ ಇದನ್ನ ಪರೀಕ್ಷೆ ಮಾಡಿ ನೋಡಿದರು. ಅಲ್ಲಿ ‘ಮೀಲ್ಸ್ ಆನ್ ವೀಲ್ಸ್’ ಅನ್ನೋ ವ್ಯವಸ್ಥೆ 1954ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರುವಾದದ್ದು. ಅದಕ್ಕೂ ಮುಂಚೆ 1943ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಇಂಗ್ಲೆಂಡಿನ ಮಹಿಳಾ ಸ್ವಯಂಸೇವಕಿಯರು ಬಿಸಿ ಊಟ ಹೊತ್ತು ಹಿರಿಯರ ಮನೆಗೆ ಹೋಗ್ತಿದ್ದರು. ಬ್ರೌನ್ ವಿಶ್ವವಿದ್ಯಾಲಯದ ಕೇಲಿ ಥಾಮಸ್ ಮತ್ತು ಸಂಗಡಿಗರ ಅಧ್ಯಯನದ ವರದಿ 2015ರಲ್ಲಿ ಬಂತು. ಊಟಕ್ಕಾಗಿ ಕಾಯುವವರ ಪಟ್ಟಿಯಲ್ಲಿದ್ದ 626 ಹಿರಿಯರನ್ನ ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ದಿನಾ ಬಿಸಿ ಊಟ, ಕೈಯಲ್ಲಿ ಹಿಡಿದು ಕೊಡೋದು. ಇನ್ನೊಂದಕ್ಕೆ ವಾರಕ್ಕೊಮ್ಮೆ ಒಟ್ಟಿಗೆ ತಣ್ಣನೆ ಪೆಟ್ಟಿಗೆ, ಬೇಕಾದಾಗ ಬಿಸಿ ಮಾಡಿಕೊಳ್ಳೋದು. ಮೂರನೆಯವರು ಮಾಮೂಲಿನಂತೆ ಕಾಯೋದು. ಹದಿನೈದು ವಾರ ಆದ ಮೇಲೆ ನೋಡಿದರೆ, ದಿನಾ ಊಟ ಬಂದವರಲ್ಲಿ ಆತಂಕ ಕಮ್ಮಿ, ಒಂಟಿತನ ಕಮ್ಮಿ, ‘ಈ ಮನೆಯಲ್ಲೇ ಇರೋಕೆ ಆಗುತ್ತೋ ಇಲ್ಲವೋ’ ಅನ್ನೋ ಭಯ ಕಮ್ಮಿ, ಬೀಳೋದೂ ಕಮ್ಮಿ. ಒಂಟಿಯಾಗಿ ಬದುಕುವವರಿಗೆ ಲಾಭ ಇನ್ನೂ ಹೆಚ್ಚು.

ಇಲ್ಲಿ ನಿಲ್ಲಿ ಸ್ವಲ್ಪ. ವಾರಕ್ಕೊಮ್ಮೆ ಪೆಟ್ಟಿಗೆ ಸಿಕ್ಕವರಿಗೂ ಊಟ ಸಿಕ್ಕಿತ್ತು. ಆದರೂ ದಿನಾ ಬಂದವರಷ್ಟು ಗುಣ ಕಾಣಲಿಲ್ಲ. ವ್ಯತ್ಯಾಸ ಎಲ್ಲಿತ್ತು? ನನ್ನ ಪ್ರಕಾರ ಬಾಗಿಲಲ್ಲಿ. ದಿನಾ ಒಬ್ಬರು ಬಂದು ಬಾಗಿಲು ತಟ್ಟುತ್ತಾರೆ ಅಂದರೆ ಆ ಹೊತ್ತಿಗೆ ಎದ್ದು ಮುಖ ತೊಳೀಬೇಕು, ತಲೆ ಬಾಚಿಕೊಳ್ಳಬೇಕು, ನಾಲ್ಕು ಮಾತಾಡಬೇಕು. ನಿನ್ನೆಯ ಕ್ಯಾರಿಯರ್ ತೆರೆದೇ ಇಲ್ಲ ಅಂತ ಬಂದವರಿಗೆ ಗೊತ್ತಾಗುತ್ತೆ. ಕಾಲು ಊದಿದೆ, ಮಾತು ತೊದಲ್ತಿದೆ, ಬಚ್ಚಲಲ್ಲಿ ಜಾರಿದ ಗಾಯ ಇದೆ, ಎಲ್ಲವೂ ಮೊದಲು ಕಾಣೋದು ಆ ಕಣ್ಣಿಗೆ. ಜಪಾನಿನಲ್ಲಿ ಯಾಕುಲ್ಟ್ ಅನ್ನೋ ಹುಳಿಹಾಲಿನ ಕಂಪನಿಯ ಹೆಂಗಸರು 1972ರಲ್ಲಿ ಫುಕುಶಿಮಾ ಕಡೆ ಇದನ್ನೇ ಶುರು ಮಾಡಿದರು. ಹಾಲಿನ ಸೀಸೆ ಕೊಡುವ ನೆಪದಲ್ಲಿ ಒಂಟಿ ಹಿರಿಯರ ಮನೆಗೆ ಹೋಗಿ, ಕ್ಷೇಮ ವಿಚಾರಿಸಿ ಬರೋದು. ಸೀಸೆ ಬೆರಳುದ್ದ. ಕೆಲಸ ಮಾಡಿದ್ದು ಆ ವಿಚಾರಣೆ.

ಅಷ್ಟು ದೂರ ಯಾಕೆ, ನಮ್ಮ ಅಕ್ಕಪಕ್ಕಕ್ಕೆ ಬನ್ನಿ. ತಮಿಳುನಾಡಿನಲ್ಲಿ ಎಂಜಿಆರ್ 1982ರಲ್ಲಿ ಮಕ್ಕಳಿಗೆ ಮಧ್ಯಾಹ್ನದ ಪೌಷ್ಟಿಕ ಊಟ ಶುರು ಮಾಡಿದ್ದು ಎಲ್ಲರಿಗೂ ಗೊತ್ತು. ಮರುವರ್ಷ, 1983ರಲ್ಲಿ, ಅದೇ ಕೇಂದ್ರಗಳಲ್ಲಿ ವೃದ್ಧಾಪ್ಯ ವೇತನ ಪಡೆಯುವವರಿಗೂ ಊಟ ಬಡಿಸಲು ಆದೇಶವಾಯಿತು ಅನ್ನೋದು ಅನೇಕರಿಗೆ ಗೊತ್ತಿಲ್ಲ. ನಲವತ್ತು ವರ್ಷದ ಹಿಂದಿನ ಮಾತು! ಆದರೆ ಅಲ್ಲೂ ಒಂದು ಕೊರತೆ. ಕೇಂದ್ರದವರೆಗೆ ನಡೆದು ಬರಬಲ್ಲವರಿಗೆ ಮಾತ್ರ ಊಟ. ಕೇರಳ ಕಡು ಬಡತನ ನಿರ್ಮೂಲನೆಗೆ 64,006 ಕುಟುಂಬಗಳನ್ನ ಒಂದೊಂದಾಗಿ ಗುರುತಿಸಿತು. ಅವರಲ್ಲಿ ಅಡುಗೆ ಮಾಡಿಕೊಳ್ಳಲಾಗದವರು ಅಂತ ಬೇರೆಯೇ ಪಟ್ಟಿ ಮಾಡಿ, ಅವರಿಗೆ ಬೇಯಿಸಿದ ಊಟವನ್ನೇ ಮನೆಗೆ ತಲುಪಿಸುವ ಏರ್ಪಾಡು ಮಾಡಿತು. 2025ರ ನವೆಂಬರ್ 1ರ ಘೋಷಣೆ ಬಗ್ಗೆ ರಾಜಕೀಯ ಜಗಳ ಏನೇ ಇರಲಿ, ‘ಧಾನ್ಯ ಬೇಕಾದವರು’ ಬೇರೆ, ‘ಊಟ ಬೇಕಾದವರು’ ಬೇರೆ ಅಂತ ಸರ್ಕಾರಿ ಕಾಗದದಲ್ಲಿ ಬರೆದರಲ್ಲ, ಅದು ನನಗೆ ದೊಡ್ಡದಾಗಿ ಕಂಡಿತು. ಮುಂಬೈ ಪಕ್ಕದ ಭಾಯಂದರಿನಲ್ಲಿ ಉದಯ್ ಮೋದಿ ಅನ್ನೋ ಆಯುರ್ವೇದ ವೈದ್ಯರು ‘ಶ್ರವಣ ಟಿಫಿನ್ ಸೇವೆ’ ಅಂತ ಹೆಸರಿಟ್ಟು ಮಕ್ಕಳು ನೋಡಿಕೊಳ್ಳದ ಹಿರಿಯರ ಮನೆಗೆ ವರ್ಷಗಳಿಂದ ಡಬ್ಬಿ ಕಳಿಸ್ತಿದ್ದಾರೆ. ಶ್ರವಣ ಕುಮಾರನ ಹೆಸರು ಸುಮ್ಮನೆ ಇಟ್ಟದ್ದಲ್ಲ.

ಈಗ ನಮ್ಮ ನಾಲ್ಕು ತಾಲ್ಲೂಕು. 2007ರಲ್ಲಿ ಇವನ್ನೇ ಸೇರಿಸಿ ರಾಮನಗರ ಜಿಲ್ಲೆ ಮಾಡಿದರು. 2025ರ ಮೇ ತಿಂಗಳಲ್ಲಿ ಸಚಿವ ಸಂಪುಟ ಅದಕ್ಕೆ ಬೆಂಗಳೂರು ದಕ್ಷಿಣ ಅಂತ ಹೆಸರಿಡಲು ತೀರ್ಮಾನಿಸಿತು, ಟಿವಿಗಳಲ್ಲಿ ಗಂಟೆಗಟ್ಟಲೆ ಚರ್ಚೆ. ಜಮೀನಿನ ಬೆಲೆ ಏರುತ್ತೆ ಅಂದರು ಒಬ್ಬರು, ಅಸ್ಮಿತೆ ಹೋಗುತ್ತೆ ಅಂದರು ಇನ್ನೊಬ್ಬರು. ಅಜ್ಜಿಯ ಮಧ್ಯಾಹ್ನದ ಊಟ ಯಾರ ಬಾಯಲ್ಲೂ ಬರಲಿಲ್ಲ ಬಿಡಿ. ನನ್ನ ಪ್ರಶ್ನೆ, ಊಟ ತಲುಪಿಸೋಕೆ ಇಲ್ಲಿ ಹೊಸದಾಗಿ ಏನಾದರೂ ಕಟ್ಟಬೇಕಾ?

ಬೇಡ. ಅಕ್ಷರ ದಾಸೋಹ 2002ರಲ್ಲಿ ಶುರುವಾಗಿ ಮರುವರ್ಷ ರಾಜ್ಯಕ್ಕೆಲ್ಲ ಹಬ್ಬಿತು. ಹಳ್ಳಿ ಹಳ್ಳಿಯ ಶಾಲೆಯಲ್ಲಿ ಅಡುಗೆ ಕೋಣೆ ಇದೆ, ಅಡುಗೆಯವರು ಇದ್ದಾರೆ, ಮಧ್ಯಾಹ್ನದ ಹೊತ್ತಿಗೆ ಒಲೆ ಹೇಗೂ ಹತ್ತುತ್ತೆ. ಊರಿಗೊಂದು ಡೇರಿ ಇದೆ, ಬೆಳಿಗ್ಗೆ ಸಂಜೆ ಎರಡು ಹೊತ್ತೂ ಜನ ಹಾಲು ಹಾಕಲು ಬರ್ತಾರೆ. ಯಾರ ಮನೆಯ ಅವ್ವ ಎರಡು ದಿನದಿಂದ ಎದ್ದಿಲ್ಲ ಅನ್ನೋ ಸುದ್ದಿ ಅಲ್ಲಿಗೆ ಮೊದಲು ಬರುತ್ತೆ. ಆಶಾ ಕಾರ್ಯಕರ್ತೆಯರಿಗೆ ಹಾಸಿಗೆ ಹಿಡಿದವರ ಹೆಸರು ಬಾಯಿಪಾಠ. ಸ್ತ್ರೀಶಕ್ತಿ ಸಂಘಗಳಿವೆ, ನಾಲ್ಕು ಮನೆಗೆ ಕ್ಯಾರಿಯರ್ ಹಿಡಿದು ಹೋಗಲು ದಿನಕ್ಕಿಷ್ಟು ಅಂತ ಕೊಟ್ಟರೆ ಒಪ್ಪೋ ಹೆಂಗಸರು ಬೇಕಾದಷ್ಟಿದ್ದಾರೆ. ಬಿಟ್ಟಿ ಸೇವೆ ಮಾಡಿ ಅಂತ ಮಾತ್ರ ಕೇಳಬೇಡಿ. ನಮ್ಮಲ್ಲಿ ಹೆಂಗಸರ ಕೆಲಸಕ್ಕೆ ‘ಸೇವೆ’ ಅಂತ ಹೆಸರಿಟ್ಟು ಕೂಲಿ ಉಳಿಸೋ ಚಾಳಿ ಇದೆ.

ಕಷ್ಟಗಳಿವೆ. ಶಾಲೆಯಲ್ಲಿ ಬೇಯೋದು ಹೆಚ್ಚಾಗಿ ಅನ್ನ, ಸಾಂಬಾರು. ಹಿರಿಯರಿಗೆ ಉಪ್ಪು ಖಾರ ಕಮ್ಮಿ, ಮೆತ್ತಗೆ, ಸಾಧ್ಯವಾದರೆ ಮುದ್ದೆ ಬೇಕು. ಮುದ್ದೆ ಆರಿದರೆ ಗಟ್ಟಿ, ಹಾಗಾಗಿ ಅರ್ಧ ಗಂಟೆಯಲ್ಲಿ ತಲುಪಬೇಕು. ತಾಲ್ಲೂಕು ಕೇಂದ್ರದಲ್ಲಿ ಒಂದೇ ದೊಡ್ಡ ಅಡುಗೆಮನೆ ಮಾಡಿ ವ್ಯಾನಿನಲ್ಲಿ ಹೊತ್ತು ತಿರುಗಿದರೆ ಇದು ಆಗೋದಿಲ್ಲ. ಊರಿನದ್ದು ಊರಲ್ಲೇ ಆಗಬೇಕು. ಕನಕಪುರದ ಕಾಡಂಚು, ಚನ್ನಪಟ್ಟಣದ ಕೆಲವು ಹಳ್ಳಿಗಳಲ್ಲಿ ಸಂಜೆಯಾದರೆ ಆನೆ ಭಯ. ರಾತ್ರಿ ಊಟದ ಮಾತು ಬಿಡಿ, ಮಧ್ಯಾಹ್ನವೇ ಎರಡು ಹೊತ್ತಿಗಾಗುವಷ್ಟು ಕೊಟ್ಟು ಬರಬೇಕು. ಮಾಗಡಿ, ರಾಮನಗರದ ಬೆಟ್ಟದ ಬುಡದ ಇರುಳಿಗರ ಕಾಲೋನಿಗಳಿಗೆ ದಾರಿಯೇ ಸರಿ ಇಲ್ಲ, ಅಲ್ಲಿಗೆ ಅಲ್ಲಿನವರಿಗೇ ಅಡುಗೆ ಒಪ್ಪಿಸಬೇಕು. ಮತ್ತೆ ಜಾತಿ. ಮುಚ್ಚಿಟ್ಟು ಏನು ಪ್ರಯೋಜನ? ‘ಯಾರು ಮಾಡಿದ್ದು?’ ಅಂತ ಕೇಳೋ ಯಜಮಾನರು ಈಗಲೂ ಇದ್ದಾರೆ. ಕೇಳಲಿ. ಉತ್ತರ ಹೇಳಿ, ಕ್ಯಾರಿಯರ್ ಅಲ್ಲೇ ಇಟ್ಟು ಬನ್ನಿ. ಅಡುಗೆಯವರನ್ನ ಬದಲಾಯಿಸಬೇಡಿ.

ಇದಕ್ಕಿಂತ ದೊಡ್ಡ ಅಡ್ಡಿ ಮರ್ಯಾದೆಯದ್ದು. ಅವ್ವನ ಮನೆಗೆ ಸರ್ಕಾರಿ ಊಟ ಬಂತು ಅಂದರೆ ಊರಲ್ಲಿ ಮಗನ ತಲೆ ತಗ್ಗುತ್ತೆ. ‘ನಾವು ಸತ್ತಿದ್ದೀವಾ?’ ಅಂತ ಸೊಸೆ ಕೇಳ್ತಾಳೆ. ಅವ್ವನಿಗೂ ಬಿಟ್ಟಿ ಅನ್ನ ಗಂಟಲಲ್ಲಿ ಇಳಿಯೋದಿಲ್ಲ. ಅದಕ್ಕೇ ನಾನು ಹೇಳೋದು, ಉಚಿತ ಬೇಡ. 2017ರಲ್ಲಿ ಇಂದಿರಾ ಕ್ಯಾಂಟೀನ್ ಶುರುವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಇಟ್ಟರಲ್ಲ, ಅದು ಜಾಣತನ. ಹತ್ತು ರೂಪಾಯಿ ಕೊಟ್ಟವನು ಗಿರಾಕಿ, ಭಿಕ್ಷುಕ ಅಲ್ಲ. ‘ಇವತ್ತು ಉಪ್ಪು ಜಾಸ್ತಿ ಆಯಿತು ಕಣಮ್ಮ’ ಅಂತ ಗದರುವ ಹಕ್ಕು ಅವನಿಗಿದೆ. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ, ದಿನಕ್ಕೆ 40. ಅದರಲ್ಲೇ ಮಾತ್ರೆ, ಸೋಪು, ಎಲೆಅಡಿಕೆ. ಹತ್ತಕ್ಕಿಂತ ಜಾಸ್ತಿ ಕೇಳೋಕಾಗೋದಿಲ್ಲ. ಇನ್ನು ಮಕ್ಕಳಿಗೆ ನೆನಪಿರಲಿ, ತಂದೆತಾಯಿಗೆ ಅನ್ನ ಹಾಕೋದು 2007ರ ಕೇಂದ್ರ ಕಾಯ್ದೆಯ ಪ್ರಕಾರ ಮಕ್ಕಳ ಹೊಣೆ, ಊಟದ ಡಬ್ಬಿ ಬಂದರೆ ಆ ಹೊಣೆ ಹೋಗೋದಿಲ್ಲ. ನಿರ್ಲಕ್ಷ್ಯ ಆಗ್ತಿದ್ದರೆ ಹಿರಿಯರು 14567ಕ್ಕೆ ಫೋನ್ ಮಾಡಬಹುದು, ಹಿರಿಯ ನಾಗರಿಕರ ಸಹಾಯವಾಣಿ ಅದು.

ಒಂದು ಎಚ್ಚರಿಕೆ. ನಡೆಯಬಲ್ಲವರಿಗೆ ಮನೆಗೆ ಊಟ ಕಳಿಸಬೇಡಿ. ಕೋಲೂರಿಕೊಂಡಾದರೂ ಅರಳಿಕಟ್ಟೆವರೆಗೆ ಬರೋರು ಬರಲಿ, ಶಾಲೆಯ ಜಗಲಿಯಲ್ಲಿ ನಾಲ್ಕು ಜನರ ಜೊತೆ ಕೂತು ಉಣ್ಣಲಿ. ಸಾಲಾಗಿ ಕೂತು ಉಂಡರೆ ಎರಡು ತುತ್ತು ಜಾಸ್ತಿ ಇಳಿಯುತ್ತೆ. ಅಂಥವರಿಗೂ ಡಬ್ಬಿ ಮನೆಗೇ ಬಂದರೆ ಇರೋ ಒಂದು ನಡಿಗೆಯೂ ತಪ್ಪಿ, ಆರು ತಿಂಗಳಲ್ಲಿ ಅವರೂ ಹೊಸ್ತಿಲೊಳಗಿನವರಾಗ್ತಾರೆ. ಮನೆ ಬಾಗಿಲಿನ ಊಟ ಬಾಗಿಲು ದಾಟಲಾರದವರಿಗೆ ಮಾತ್ರ.

ಹಾಗೇ, ಬಾಡಿಗೆಗೆ ಸಿಗೋ ಆ್ಯಪ್ ಹುಡುಗರಿಂದ ಈ ಕೆಲಸ ಆಗುತ್ತೆ ಅಂತ ನಾನು ನಂಬೋದಿಲ್ಲ. ಅವರ ತಪ್ಪಲ್ಲ, ಹತ್ತು ನಿಮಿಷಕ್ಕೊಂದು ಆರ್ಡರ್ ಮುಟ್ಟಿಸಬೇಕಾದವನು ಅಜ್ಜಿಯ ಕಾಲು ಊದಿದ್ದನ್ನ ಎಲ್ಲಿ ನೋಡ್ತಾನೆ? ದಿನಾ ಅದೇ ಮುಖ ಬರಬೇಕು. ಹೆಸರು ಹಿಡಿದು ಕರೆಯಬೇಕು. ಬಾಗಿಲು ತೆರೆಯದಿದ್ದರೆ ಕಾಯಬೇಕು, ಪಕ್ಕದ ಮನೆಯವರನ್ನ ಕೂಗಬೇಕು. ಹಾಗೆ ಕಾಯೋದಕ್ಕೂ ಆಕೆಗೆ ಸಂಬಳ ಸಿಗಬೇಕು.

ಉಳಿದದ್ದು ಭಾನುವಾರ. ಶಾಲೆಯ ಒಲೆ ಭಾನುವಾರ ಹತ್ತೋದಿಲ್ಲ, ದಸರಾ ರಜೆಗೆ ಹತ್ತೋದಿಲ್ಲ, ಏಪ್ರಿಲ್-ಮೇನಲ್ಲಂತೂ ಪೂರ್ತಿ ಬಂದ್. 2024ರ ಬೇಸಿಗೆಯಲ್ಲಿ ಬರ ಬಂದಾಗ ರಜೆಯಲ್ಲೂ ಮಕ್ಕಳಿಗೆ ಬಿಸಿಯೂಟ ಕೊಟ್ಟರು, ಅಂದರೆ ಮನಸ್ಸು ಮಾಡಿದರೆ ಆಗುತ್ತೆ. ಉಳಿದ ರಜೆ ದಿನಗಳಿಗೆ ಊರಿನ ಮನೆಗಳೇ ಸರದಿ ಹಾಕಿಕೊಳ್ಳಬಹುದು. ಮನೆಯಲ್ಲಿ ಹೇಗೂ ಹಿಟ್ಟು ತೊಳಸ್ತೀರಿ, ಇನ್ನೊಂದು ಮುದ್ದೆಗೆ ಎಷ್ಟು ಹಿಟ್ಟು ಬೇಕು? ಪಂಚಾಯ್ತಿಯವರು ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ, ಬೀದಿದೀಪದ ಅರ್ಜಿಗಳ ಜೊತೆ ಒಂದು ಖಾಲಿ ಹಾಳೆ ಇಡಲಿ. ಮೇಲೆ ‘ಅಡುಗೆ ಮಾಡಿಕೊಳ್ಳಲಾಗದವರು’ ಅಂತ ಬರೆಯಲಿ. ಊರಿನ ಆಶಾ ಕಾರ್ಯಕರ್ತೆಯ ಕೈಗೆ ಪೆನ್ನು ಕೊಡಲಿ.